ಓದುಗರ ಪತ್ರ, ನನ್ನ ಉತ್ತರ: ಅಡೆನೊಸಿನ್ ಎಂಬ ಖರ್ಚಿನ ಚೀಟಿ

ಹೋದ ತಿಂಗಳು ನಿದ್ದೆಯ ಬಗ್ಗೆ ಬರೆಯುವಾಗ, ‘ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಸೇರುತ್ತಾ ಹೋಗುತ್ತದೆ, ಅದಕ್ಕೇ ರಾತ್ರಿಯಾಗುತ್ತಿದ್ದಂತೆ ಕಣ್ಣು ಎಳೆಯುತ್ತದೆ’ ಎಂದು ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿನ ಬೆನ್ನಿಗೆ ಇಷ್ಟು ಕಾಗದಗಳು ಬರುತ್ತವೆಂದು ಎಣಿಸಿರಲಿಲ್ಲ. ಮೈಸೂರಿನ ಕಾಲೇಜೊಂದರಲ್ಲಿ 31 ವರ್ಷ ಜೀವರಸಾಯನ ವಿಜ್ಞಾನ ಪಾಠ ಮಾಡಿದವಳು ನಾನು. ಆ ಪಾಠಗಳಲ್ಲೆಲ್ಲ ನನಗೆ ತುಂಬ ಇಷ್ಟವಾದದ್ದು ಇದೇ. ಹಾಗಾಗಿ ಈ ಸಲದ ಪುಟವನ್ನೆಲ್ಲ ಇದಕ್ಕೇ ಬಿಟ್ಟಿದ್ದೇನೆ. ಬೇರೆ ಪ್ರಶ್ನೆ ಕಳಿಸಿದವರು ಒಂದು ತಿಂಗಳು ತಾಳಬೇಕು.

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ನೈಟ್ ಸರ್ವೀಸ್ ಬಸ್ಸಿನ ಡ್ರೈವರ್. ಮಧ್ಯರಾತ್ರಿ ಮೇಲೆ ಎರಡು ಸಲ, ಬೆಳಗಿನ ಜಾವ ಮೂರಕ್ಕೆ ಒಂದು ಸಲ ಕಾಫಿ ಕುಡಿಯುತ್ತೇನೆ. ಬೆಳಿಗ್ಗೆ ಮನೆಗೆ ಬಂದು ಮಲಗಿದರೆ ಮೈ ಸೋತಿರುತ್ತದೆ, ನಿದ್ದೆ ಮಾತ್ರ ಹತ್ತುವುದಿಲ್ಲ. ರಜೆಯ ದಿನ ಕಾಫಿ ಬಿಟ್ಟರೆ ತಲೆ ಸಿಡಿಯುತ್ತದೆ. ಕಾಫಿ ಆ ಅಡೆನೊಸಿನ್ ಅನ್ನು ಕರಗಿಸಿಬಿಡುತ್ತದಾ? — ಬಸ್ ಚಾಲಕರು, ಮಂಡ್ಯ

ಉತ್ತರ: ಇಲ್ಲ, ಕರಗಿಸುವುದಿಲ್ಲ. ನಿಮ್ಮ ತೊಂದರೆಯ ಬೇರು ಅಲ್ಲೇ ಇದೆ.

ಜೀವಕೋಶಗಳು ಕೆಲಸಕ್ಕೆ ಖರ್ಚು ಮಾಡುವುದು ಎಟಿಪಿ ಎಂಬ ಅಣುವನ್ನು. ಅಡೆನೊಸಿನ್‌ಗೆ ಮೂರು ಫಾಸ್ಫೇಟ್ ಪೋಣಿಸಿದರೆ ಎಟಿಪಿ. ಖರ್ಚಾಗುತ್ತಾ ಒಂದೊಂದೇ ಫಾಸ್ಫೇಟ್ ಕಳಚಿ, ಮೂರೂ ಹೋದ ಮೇಲೆ ಉಳಿಯುವುದು ಬರೀ ಅಡೆನೊಸಿನ್. ಅಂಗಡಿಯಲ್ಲಿ ದುಡ್ಡು ಕೊಟ್ಟ ಮೇಲೆ ಕೈಯಲ್ಲಿ ಉಳಿಯುವ ಚೀಟಿಯಿದ್ದ ಹಾಗೆ. ಮಿದುಳು ದಿನವಿಡೀ ದುಡಿದಂತೆಲ್ಲ ಈ ಚೀಟಿಗಳು ನರಕೋಶಗಳ ಸುತ್ತ ಸೇರುತ್ತವೆ. ನರಕೋಶದ ಮೈಮೇಲೆ ಇವನ್ನು ಓದುವ ಗ್ರಾಹಕಗಳಿವೆ (ರಿಸೆಪ್ಟರ್ ಎನ್ನುತ್ತಾರಲ್ಲ, ಅವು). ಅವಕ್ಕೆ ಎ1, ಎ2ಎ ಎಂದೆಲ್ಲ ಹೆಸರಿಟ್ಟಿದ್ದಾರೆ. ಅಡೆನೊಸಿನ್ ಬಂದು ಅಲ್ಲಿ ಕೂತರೆ ‘ಸಾಕು, ಇನ್ನು ಮಲಗು’ ಎಂಬ ಸುದ್ದಿ ಹೋಗುತ್ತದೆ.

ಕಾಫಿಯಲ್ಲಿರುವ ಕೆಫೀನ್ ಕೂಡ ಅಡೆನೊಸಿನ್‌ನೊಳಗಿನ ಅಡೆನಿನ್‌ನಂತೆ ಪ್ಯೂರಿನ್ ಎಂಬ ಅಣುಗಳ ಮನೆತನದ್ದೇ. ಮೈಕಟ್ಟು ಹೋಲುವುದರಿಂದ ಅದೇ ಜಾಗದಲ್ಲಿ ಹೋಗಿ ಕೂರುತ್ತದೆ, ಸುದ್ದಿ ಮಾತ್ರ ಮುಟ್ಟಿಸುವುದಿಲ್ಲ. ಸೀಟಿಗೆ ಟವೆಲ್ ಹಾಕಿ ಹಿಡಿದ ಹಾಗೆ. ನಿಜವಾದ ಅಡೆನೊಸಿನ್ ಹೊರಗೆ ನಿಂತೇ ಇರುತ್ತದೆ, ಇನ್ನೂ ಸೇರುತ್ತಲೂ ಇರುತ್ತದೆ. ಕೆಫೀನ್ ಇಳಿದ ಕೂಡಲೇ ಒಟ್ಟಿಗೆ ನುಗ್ಗುತ್ತದೆ. ಬೆಳಗಿನ ಜಾವ ಒಮ್ಮೆಲೇ ತೂಕಡಿಕೆ ಹೊಡೆಯುವುದನ್ನು ನೀವೇ ಕಂಡಿರುತ್ತೀರಿ. ದಯವಿಟ್ಟು ಆ ಹೊತ್ತಿನಲ್ಲಿ ಕಾಫಿಯನ್ನು ನಂಬಿ ಸ್ಟೇರಿಂಗ್ ಹಿಡಿಯಬೇಡಿ.

ದೊಡ್ಡವರಲ್ಲಿ ಕುಡಿದ ಕೆಫೀನ್‌ನ ಅರ್ಧ ಇಳಿಯಲು ಸುಮಾರು 5 ಗಂಟೆ ಬೇಕು. ಮೂರು ಗಂಟೆಯ ಕಾಫಿಯ ಅರ್ಧ ಬೆಳಿಗ್ಗೆ ಎಂಟಕ್ಕೂ ನಿಮ್ಮ ತಲೆಯಲ್ಲಿರುತ್ತದೆ. ಕೊನೆಯ ಲೋಟವನ್ನು ರಾತ್ರಿ ಒಂದು ಗಂಟೆಗೆ ಮುಂಚೆಯೇ ಮುಗಿಸಿ. ನಿಲುಗಡೆಯಲ್ಲಿ 20 ನಿಮಿಷ ಸಿಕ್ಕರೆ, ಕಾಫಿ ಕುಡಿದ ತಕ್ಷಣ ಒರಗಿ ಕಣ್ಣು ಮುಚ್ಚಿ. ಕೆಫೀನ್ ಏರಲು ಹೆಚ್ಚುಕಡಿಮೆ ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಚಿಕ್ಕ ನಿದ್ದೆಯಲ್ಲಿ ಒಂದಿಷ್ಟು ಅಡೆನೊಸಿನ್ ನಿಜವಾಗಿಯೇ ಇಳಿದಿರುತ್ತದೆ.

ಇನ್ನು ತಲೆನೋವು. ದಿನಾ ಟವೆಲ್ ಹಾಕಿದರೆ ದೇಹ ಇನ್ನಷ್ಟು ಸೀಟು ಮಾಡಿಕೊಳ್ಳುತ್ತದೆ. ಕಾಫಿ ನಿಂತ ದಿನ ಅಷ್ಟೂ ಸೀಟಿನಲ್ಲಿ ಅಡೆನೊಸಿನ್ ಕೂತು ಮಿದುಳಿನ ರಕ್ತನಾಳ ಹಿಗ್ಗುತ್ತದೆ, ತಲೆ ಸಿಡಿಯುತ್ತದೆ. ನಮ್ಮ ಮನೆಯಲ್ಲಿ ಶಿವರಾತ್ರಿ ಉಪವಾಸದ ದಿನ ಮಧ್ಯಾಹ್ನದ ಹೊತ್ತಿಗೆ ಅಮ್ಮ ಹಣೆಗೆ ಬಟ್ಟೆ ಬಿಗಿದುಕೊಳ್ಳುತ್ತಿದ್ದಳು. ಹೊಟ್ಟೆ ಖಾಲಿಯಿದ್ದುದಕ್ಕೆ ಎಂದುಕೊಂಡಿದ್ದೆವು. ಬಿಡುವುದಾದರೆ ದಿನಕ್ಕೆ ಅರ್ಧ ಲೋಟದಂತೆ ಇಳಿಸಿ. ಪುಡಿಯಲ್ಲಿ ಚಿಕೋರಿ ಹೆಚ್ಚು ಮಾಡಿಸಿಕೊಂಡರೂ ಆದೀತು, ಚಿಕೋರಿಯಲ್ಲಿ ಕೆಫೀನ್ ಇಲ್ಲ.

ಪ್ರಶ್ನೆ: ಅಡೆನಿನ್, ಅಡೆನೊಸಿನ್, ಎಎಂಪಿ, ಎಡಿಪಿ, ಎಟಿಪಿ ಎಲ್ಲ ಕಲಸಿಹೋಗುತ್ತವೆ ಮೇಡಂ. ಇನ್ನೊಂದು ಅನುಮಾನ. ಎಟಿಪಿಯ ಬಂಧ ಮುರಿದಾಗ ಶಕ್ತಿ ಹೊರಬರುತ್ತದೆ ಎಂದು ಬಯಾಲಜಿ ನೋಟ್ಸಿನಲ್ಲಿದೆ. ಯಾವ ಬಂಧ ಮುರಿಯಬೇಕಾದರೂ ನಾವೇ ಶಕ್ತಿ ಕೊಡಬೇಕು ಎಂದು ಕೆಮಿಸ್ಟ್ರಿ ಸರ್ ಹೇಳುತ್ತಾರೆ. ಯಾರು ಹೇಳಿದ್ದು ಸರಿ? — ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಮಳವಳ್ಳಿ

ಉತ್ತರ: ನಿಮ್ಮ ಕೆಮಿಸ್ಟ್ರಿ ಸರ್ ಹೇಳಿದ್ದು ಸರಿ, ಮಗು. ಎಷ್ಟೋ ಬಿ.ಎಸ್ಸಿ. ಮಕ್ಕಳು ಕೇಳದೆ ಬಿಟ್ಟ ಪ್ರಶ್ನೆ ಇದು. ನೀನು ಕೇಳಿದ್ದು ನನಗೆ ತುಂಬಾ ಸಂತೋಷವಾಯಿತು.

ಮೊದಲು ಹೆಸರುಗಳು. ಅಡೆನಿನ್ ಎಂದರೆ ನೈಟ್ರೋಜನ್ ಇರುವ ಎರಡು ಉಂಗುರಗಳ ಪ್ರತ್ಯಾಮ್ಲ. 1885ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ ಇದನ್ನು ಮೇದೋಜೀರಕ ಗ್ರಂಥಿಯಿಂದ ತೆಗೆದರು. ಗ್ರೀಕಿನಲ್ಲಿ ‘ಅಡೆನ್’ ಎಂದರೆ ಗ್ರಂಥಿ. ಅಡೆನಿನ್‌ಗೆ ರೈಬೋಸ್ ಎಂಬ ಸಕ್ಕರೆ ಸೇರಿದರೆ ಅಡೆನೊಸಿನ್. ಆ ಸಕ್ಕರೆಗೆ ಒಂದು ಫಾಸ್ಫೇಟ್ ಹತ್ತಿದರೆ ಎಎಂಪಿ, ಎರಡಾದರೆ ಎಡಿಪಿ, ಮೂರಾದರೆ ಎಟಿಪಿ. ಇಷ್ಟೇ. ಎಎಂಪಿಯ ಆ ಒಂದೇ ಫಾಸ್ಫೇಟ್ ಬಾಗಿ ಸಕ್ಕರೆಯನ್ನು ಎರಡು ಕಡೆ ಹಿಡಿದುಕೊಂಡರೆ ಸೈಕ್ಲಿಕ್ ಎಎಂಪಿ. ಅಡ್ರಿನಲಿನ್ ಹೊರಗಿನಿಂದ ಬಾಗಿಲು ಬಡಿದಾಗ ಕೋಶದೊಳಗೆ ಸುದ್ದಿ ಒಯ್ಯುವುದು ಇದೇ. ಇದನ್ನು ಕಂಡುಹಿಡಿದ ಅರ್ಲ್ ಸದರ್ಲ್ಯಾಂಡ್‌ಗೆ 1971ರ ನೊಬೆಲ್ ಬಂತು. ಎನ್‌ಎಡಿ, ಎಫ್‌ಎಡಿ, ಕೋಎನ್‌ಜೈಮ್ ಎ ಎಂಬ, ಕಿಣ್ವಗಳಿಗೆ ನೆರವಾಗುವ ಅಣುಗಳೊಳಗೂ ಅಡೆನೊಸಿನ್ ಇದೆ. ನಾವು ತಿನ್ನುವ ಬಿ ಗುಂಪಿನ ಕೆಲವು ವಿಟಮಿನ್‌ಗಳು ಕೋಶದಲ್ಲಿ ಕೆಲಸಕ್ಕೆ ಇಳಿಯುವಾಗ ಹಿಡಿಕೆಯಂತೆ ಇದನ್ನು ಸೇರಿಸಿಕೊಳ್ಳುತ್ತವೆ.

ಈಗ ಶಕ್ತಿಯ ಮಾತು. ಎಟಿಪಿ ನೀರಿನೊಡನೆ ಸೇರಿ ಎಡಿಪಿ ಮತ್ತು ಫಾಸ್ಫೇಟ್ ಆಗುತ್ತದೆ. ಹಳೆಯ ಬಂಧ ಮುರಿಯಲು ಶಕ್ತಿ ಬೇಕೇ ಬೇಕು. ಆದರೆ ಅಲ್ಲಿಗೆ ಮುಗಿಯುವುದಿಲ್ಲ, ಹೊಸ ಬಂಧಗಳು ಕೂಡುತ್ತವೆ. ಒತ್ತೊತ್ತಾಗಿ ಕೂತು ಒಂದನ್ನೊಂದು ದೂಡುತ್ತಿದ್ದ ಋಣ ಆವೇಶಗಳು ದೂರವಾಗುತ್ತವೆ. ಬೇರೆಯಾದ ತುಂಡುಗಳನ್ನು ನೀರು ಚೆನ್ನಾಗಿ ಸುತ್ತುವರಿಯುತ್ತದೆ. ಕೊಟ್ಟದ್ದು, ಬಂದದ್ದು ಎರಡನ್ನೂ ಕಳೆದು ನೋಡಿದರೆ ಉಳಿಯುವ ಲಾಭವೇ ನಿನ್ನ ಪುಸ್ತಕದಲ್ಲಿರುವ ಮೋಲ್ ಒಂದಕ್ಕೆ 30.5 ಕಿಲೋಜೂಲ್.

ಇನ್ನೂ ಒಂದು ಹೆಜ್ಜೆ ಮುಂದೆ ಬಾ. ಜೀವಂತ ಕೋಶದೊಳಗೆ ಅದೇ ಕ್ರಿಯೆಯಿಂದ ಸುಮಾರು 50 ಕಿಲೋಜೂಲ್ ಸಿಗುತ್ತದೆ. ಬಂಧ ಅದೇ, ಲಾಭ ಹೇಗೆ ಹೆಚ್ಚಾಯಿತು? ಮಳೆಗಾಲದಲ್ಲಿ ನಿಮ್ಮ ಮನೆಯಲ್ಲೂ ಬೆಳಿಗ್ಗೆ ಪೇಪರ್ ಬಿಡಿಸಿದ ಕೂಡಲೇ ಕೆಆರ್‌ಎಸ್ ಮಟ್ಟ ನೋಡುತ್ತಾರಲ್ಲ. 124.80 ಅಡಿ ಮುಟ್ಟಿತೇ ಎಂದು ಎಲ್ಲರಿಗೂ ಕಾತರ. ಕಟ್ಟೆಯ ನೀರೂ ಕಟ್ಟೆ ಕೆಳಗಿನ ಹೊಳೆಯ ನೀರೂ ಬೇರೆಯಲ್ಲ. ಒಂದು ಮೇಲಿದೆ, ಒಂದು ಕೆಳಗಿದೆ, ಶಕ್ತಿ ಇರುವುದು ಆ ಅಂತರದಲ್ಲಿ. ಎರಡೂ ಕಡೆ ಮಟ್ಟ ಒಂದೇ ಆದರೆ ಎಷ್ಟು ನೀರಿದ್ದರೂ ಗೇಟು ತೆಗೆದಾಗ ಏನೂ ನಡೆಯುವುದಿಲ್ಲ. ಎಟಿಪಿಯೂ ಹಾಗೇ. ತನ್ನಷ್ಟಕ್ಕೆ ಬಿಟ್ಟಿದ್ದರೆ ಬಹುಪಾಲು ಎಟಿಪಿ ಒಡೆದು ಎಡಿಪಿಯಾಗಿಯೇ ನಿಲ್ಲುತ್ತಿತ್ತು. ಕೋಶ ಹಾಗಾಗಲು ಬಿಡದೆ ಆ ಸಮತೋಲದಿಂದ ಕೋಟಿಗಟ್ಟಲೆ ಪಟ್ಟು ದೂರದಲ್ಲಿ ಎಟಿಪಿಯನ್ನು ಎತ್ತರಿಸಿ ಹಿಡಿದಿರುತ್ತದೆ. ಎಟಿಪಿಯ ಬಲ ಆ ಎತ್ತರದ್ದು. ಪ್ರಾಣ ಹೋದ ಮೇಲೆ ಅಣುಗಳೆಲ್ಲ ಅಲ್ಲೇ ಇರುತ್ತವೆ, ಎತ್ತರ ಕುಸಿಯುತ್ತದೆ. ಸ್ನಾಯುವಿನ ಎಳೆಗಳು ಒಂದರಿಂದೊಂದು ಬಿಡಿಸಿಕೊಳ್ಳಲು ಎಟಿಪಿ ಬೇಕು, ಅದಿಲ್ಲದೆ ಹೆಣ ಸೆಟೆದುಕೊಳ್ಳುತ್ತದೆ.

ಆ ಎತ್ತರಕ್ಕೆ ಏರಿಸುವವರು ಯಾರು? ನಿಮ್ಮೂರಿನಿಂದ ಶಿವನಸಮುದ್ರ ಹತ್ತಿರ. ಹೋಗಿ ಬಾ. ಬ್ಲಫ್ ಎನ್ನುತ್ತೇವಲ್ಲ, ಅಲ್ಲಿ ಮೇಲಿನಿಂದ ಪವರ್‌ಹೌಸಿಗೆ ಇಳಿಯುವ ದಪ್ಪ ಕೊಳವೆಗಳನ್ನು ನೋಡು. 1902ರಲ್ಲಿ ಅಲ್ಲಿಂದಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿದ್ದು. ನಿನ್ನ ಒಂದೊಂದು ಕೋಶದೊಳಗಿನ ಮೈಟೊಕಾಂಡ್ರಿಯದಲ್ಲಿ ಇದೇ ಏರ್ಪಾಡಿದೆ. ಉಂಡ ಮುದ್ದೆಯ ಶಕ್ತಿಯಿಂದ ಪ್ರೋಟಾನ್‌ಗಳನ್ನು ಒಳಪೊರೆಯ ಆಚೆಗೆ ತಳ್ಳಿ ಕಟ್ಟೆ ತುಂಬಿಸುತ್ತಾರೆ. ಅವು ಇಳಿದು ಬರುವ ದಾರಿಯಲ್ಲಿ ಎಟಿಪಿ ಸಿಂಥೇಸ್ ಎಂಬ ಪ್ರೋಟೀನು ನಿಜವಾದ ಟರ್ಬೈನಿನಂತೆ ಗಿರ್ರನೆ ತಿರುಗುತ್ತದೆ. ಒಂದು ಸುತ್ತಿಗೆ ಮೂರು ಎಟಿಪಿ. ಹೋಲಿಕೆಗೆ ಹೇಳುತ್ತಿಲ್ಲ, ಅದು ತಿರುಗುವುದನ್ನು 1997ರಲ್ಲಿ ಜಪಾನಿನ ವಿಜ್ಞಾನಿಗಳು ಅದಕ್ಕೆ ಹೊಳೆಯುವ ಎಳೆಯೊಂದನ್ನು ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು. ಪ್ರೋಟಾನ್ ಕಟ್ಟೆಯ ವಿಚಾರವನ್ನು 1961ರಲ್ಲಿ ಪೀಟರ್ ಮಿಚೆಲ್ ಹೇಳಿದಾಗ ಬಹಳ ಜನ ಒಪ್ಪಿರಲಿಲ್ಲ. 1978ರಲ್ಲಿ ಅವರೊಬ್ಬರಿಗೇ ನೊಬೆಲ್ ಬಂತು.

ನಿನ್ನ ಮೈಯಲ್ಲಿ ಯಾವುದೇ ಕ್ಷಣದಲ್ಲಿ ಇರುವ ಎಟಿಪಿ ಕಾಲು ಕೆಜಿಯೂ ಇಲ್ಲ. ದಿನವೊಂದಕ್ಕೆ ಖರ್ಚಾಗಿ ಮತ್ತೆ ತಯಾರಾಗುವುದು ಹೆಚ್ಚುಕಡಿಮೆ ನಿನ್ನ ತೂಕದಷ್ಟು. ಪರೀಕ್ಷೆಯಲ್ಲಿ ಇಷ್ಟೆಲ್ಲ ಬರೆಯಬೇಕಿಲ್ಲ, ಆದರೆ ‘ಬಂಧದಲ್ಲಿ ಶಕ್ತಿ ಅಡಗಿದೆ’ ಎಂದು ಮಾತ್ರ ಬರೆಯಬೇಡ.

ಪ್ರಶ್ನೆ: ನಮ್ಮ ಯಜಮಾನರಿಗೆ ಎದೆಬಡಿತ ವಿಪರೀತ ಜೋರಾಗಿ ಆಸ್ಪತ್ರೆಗೆ ಸೇರಿಸಿದ್ದೆವು. ಒಂದು ಇಂಜೆಕ್ಷನ್ ಕೊಟ್ಟ ಕೂಡಲೇ ‘ನಾನು ಹೋದೆ’ ಎಂದು ಕೂಗಿಕೊಂಡರು. ಆಮೇಲೆ ಸರಿಹೋಯಿತು. ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿದರೆ ಅಡೆನೊಸಿನ್ ಎಂದಿದೆ. ನಿದ್ದೆಯ ವಸ್ತುವನ್ನು ಹೃದಯಕ್ಕೇಕೆ ಕೊಟ್ಟರು? ಅದು ಹೃದಯ ನಿಲ್ಲಿಸುವ ಔಷಧಿಯಂತೆ, ನಿಜವೇ? — ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ನಿಮ್ಮ ಕಾಗದ ಓದುವಾಗ ನನ್ನ ಕೈ ನಡುಗಿತು, ನಾನೂ ಆ ಮಂಚದ ಪಕ್ಕ ನಿಂತವಳೇ. ಗೌರಿಹಬ್ಬದ ಹಿಂದಿನ ದಿನ, ಅಮ್ಮನಿಗಾಗ 71 ವರ್ಷ. ಒಬ್ಬಟ್ಟಿಗೆ ಬೇಳೆ ಬೇಯಲಿಟ್ಟು ಬಂದವಳು ಸೋಫಾ ಹಿಡಿದುಕೊಂಡು ಕೂತಳು. ನಾಡಿ ಹಿಡಿದರೆ ಎಣಿಸಲಾಗದಷ್ಟು ವೇಗ. ಆಸ್ಪತ್ರೆಯ ಮಾನಿಟರಿನಲ್ಲಿ 188. ಉಸಿರು ಬಿಗಿಹಿಡಿದು ಮುಕ್ಕಲು ಹೇಳಿದರು, ಇಳಿಯಲಿಲ್ಲ. ಚಿಕ್ಕ ಸೀಸೆಯೊಂದನ್ನು ತಂದರು, ಅದರ ಮೇಲೆ 6 ಮಿಲಿಗ್ರಾಂ ಎಂದಿತ್ತು. ತೋಳಿನ ದೊಡ್ಡ ರಕ್ತನಾಳಕ್ಕೆ ಒಂದೇ ಏಟಿಗೆ ಔಷಧಿ, ಹಿಂದೆಯೇ ಸಲೈನ್ ತಳ್ಳಿ ಕೈ ಮೇಲೆತ್ತಿದರು. ಅಮ್ಮನ ಮುಖ ಕೆಂಪಾಯಿತು. ‘ಅಯ್ಯೋ, ಪ್ರಾಣ ಹೋದಂಗಾಯ್ತು ಕಣೇ’ ಎಂದು ನನ್ನ ಮಣಿಕಟ್ಟು ಹಿಡಿದಳು. ಇಸಿಜಿ ಕಾಗದ ಸರಿಯುತ್ತಲೇ ಇತ್ತು, ಗೆರೆ ಮಾತ್ರ ನೇರ. ಆ ಗೆರೆಯನ್ನು ನೋಡುತ್ತಾ ನಾನೂ ಉಸಿರು ಬಿಡಲಿಲ್ಲ. ಆಮೇಲೆ ಒಂದು ಮೊನೆ ಎದ್ದಿತು, ಇನ್ನೊಂದು, ಮತ್ತೊಂದು. ಮಾನಿಟರಿನಲ್ಲಿ 82.

ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ವಿದ್ಯುತ್ ಸಂಜ್ಞೆ ದಾಟುವ ಗಂಟೊಂದಿದೆ, ಎವಿ ನೋಡ್ ಎನ್ನುತ್ತಾರೆ. ನಿಮ್ಮ ಯಜಮಾನರಿಗೆ ಬಂದಂಥ ತೊಂದರೆಯಲ್ಲಿ ಸಂಜ್ಞೆ ಅಲ್ಲೇ ಸುತ್ತು ಹಾಕಿಕೊಂಡು ಗಿರಕಿ ಹೊಡೆಯುತ್ತಿರುತ್ತದೆ. ಆ ಗಂಟಿನಲ್ಲೂ ಮಿದುಳಿನಲ್ಲಿರುವಂಥದೇ ಎ1 ಗ್ರಾಹಕಗಳಿವೆ. ಅಡೆನೊಸಿನ್ ಅಲ್ಲಿ ಕೂತರೆ ದಾರಿ ಕೆಲವು ಸೆಕೆಂಡು ಮುಚ್ಚುತ್ತದೆ, ಗಿರಕಿ ಕಡಿದುಹೋಗುತ್ತದೆ, ಹೃದಯದ ಸ್ವಂತ ತಾಳ ಮತ್ತೆ ಶುರುವಾಗುತ್ತದೆ. ಸಹಜವಾಗಿಯೂ ಹೃದಯಕ್ಕೆ ಆಮ್ಲಜನಕ ಸಾಲದೆ ಎಟಿಪಿ ತೀರುತ್ತಾ ಬಂದರೆ ಈ ಅಡೆನೊಸಿನ್ನೇ ಹೊರಬಂದು ರಕ್ತನಾಳ ಹಿಗ್ಗಿಸಿ ಬಡಿತ ತಗ್ಗಿಸಲು ನೋಡುತ್ತದೆ. ಖರ್ಚು ಮಿತಿಮೀರಿದೆ ಎಂಬ ಅದೇ ಚೀಟಿ, ಇಲ್ಲಿ ವೈದ್ಯರು ಹೊರಗಿನಿಂದ ತೋರಿಸುತ್ತಾರೆ. ಹೃದಯದ ಮೇಲೆ ಇದರ ಪರಿಣಾಮವನ್ನು ಡ್ರೂರಿ ಮತ್ತು ಸೆಂಟ್-ಗ್ಯೋರ್ಗಿ ವರದಿ ಮಾಡಿದ್ದು 1929ರಲ್ಲಿ.

ರಕ್ತದಲ್ಲಿ ಇದರ ಅರ್ಧಾಯುಷ್ಯ 10 ಸೆಕೆಂಡಿಗಿಂತ ಕಡಿಮೆ. ಕೆಂಪು ರಕ್ತಕಣಗಳೂ ರಕ್ತನಾಳದ ಗೋಡೆಯೂ ಅದನ್ನು ಹೀರಿಕೊಂಡುಬಿಡುತ್ತವೆ. ಅದಕ್ಕೇ ಅಷ್ಟು ವೇಗವಾಗಿ ತಳ್ಳುವುದು, ಅದಕ್ಕೇ ನಿದ್ದೆಯೂ ಬರುವುದಿಲ್ಲ. ಒಂದು ಸಲಕ್ಕೆ ಇಳಿಯದಿದ್ದರೆ 12 ಮಿಲಿಗ್ರಾಂ ಕೊಡುತ್ತಾರೆ. ಮತ್ತೆ ಹೀಗಾದರೆ ಮೂರು ವಿಷಯ ವೈದ್ಯರಿಗೆ ತಪ್ಪದೆ ಹೇಳಿ: ಅವರಿಗೆ ಆಸ್ತಮಾ ಇದೆಯೇ, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಮಾತ್ರೆ ತೆಗೆದುಕೊಳ್ಳುತ್ತಾರೆಯೇ, ಸ್ವಲ್ಪ ಹೊತ್ತಿನ ಮುಂಚೆ ಕಾಫಿ ಕುಡಿದಿದ್ದಾರೆಯೇ. ಆಸ್ತಮಾ ಇದ್ದವರಿಗೆ ಇದರಿಂದ ಉಸಿರು ಕಟ್ಟಬಹುದು. ಥಿಯೋಫಿಲಿನ್ನೂ ಕೆಫೀನೂ ಆ ಸೀಟಿನಲ್ಲಿ ಮೊದಲೇ ಕೂತಿದ್ದರೆ ಔಷಧಿ ಹಿಡಿಯುವುದಿಲ್ಲ.

ನನ್ನ ಮನಸ್ಸಿನಲ್ಲಿ ಇವತ್ತಿಗೂ ಉಳಿದಿರುವ ನೋವು ಒಂದೇ. ಜೀವ ಉಳಿಸಿದ ಆ ಆಸ್ಪತ್ರೆಯವರು ಸೂಜಿ ಚುಚ್ಚುವ ಮುಂಚೆ ‘ಅಮ್ಮಾ, ಕೆಲವು ಸೆಕೆಂಡು ಎದೆ ಹಿಂಡಿದ ಹಾಗಾಗುತ್ತೆ, ಸತ್ತೇಹೋದೆ ಅನ್ನಿಸುತ್ತೆ, ಹೆದರಬೇಡಿ, ಹೋಗಿಬಿಡುತ್ತೆ’ ಎಂದು ಹೇಳಲಿಲ್ಲ. ಇದೆಲ್ಲ ಗೊತ್ತಿದ್ದ ನಾನೂ ಹೇಳಲಿಲ್ಲ. ಇದನ್ನು ಓದುವ ದಾದಿಯರಲ್ಲಿ, ಕಿರಿಯ ವೈದ್ಯರಲ್ಲಿ ಕೈಮುಗಿದು ಕೇಳುತ್ತೇನೆ, ಆ ಒಂದು ಮಾತು ಹೇಳಿ.

ಪ್ರಶ್ನೆ: ನಮ್ಮ ತಂದೆಯವರಿಗೆ ಯೂರಿಕ್ ಆಸಿಡ್ ಜಾಸ್ತಿಯಾಗಿ ಕಾಲಿನ ಹೆಬ್ಬೆರಳು ಊದಿಕೊಳ್ಳುತ್ತದೆ. ಬಾಡು ಬಿಟ್ಟು ಆರು ತಿಂಗಳಾಯಿತು, ಆದರೂ ಇಳಿದಿಲ್ಲ. ನಮ್ಮದು ಆಲೆಮನೆ, ದಿನಾ ಕಬ್ಬಿನ ಹಾಲು ಕುಡಿಯುತ್ತಾರೆ. ಅದು ತಂಪು ತಾನೇ? — ರೈತರು, ಪಾಂಡವಪುರ

ಉತ್ತರ: ಆ ಕಬ್ಬಿನ ಹಾಲನ್ನು ಮೊದಲು ನಿಲ್ಲಿಸಿ ಎಂದು ತಂದೆಯವರಿಗೆ ನಾನು ಹೇಳಿದೆನೆಂದು ಹೇಳಿ. ಆಲೆಮನೆಯವರಿಗೆ ಈ ಮಾತು ಎಷ್ಟು ಕಷ್ಟ ಎಂಬುದು ಗೊತ್ತಿದೆ.

ಅಡೆನೊಸಿನ್ ಒಡೆಯುತ್ತಾ ಹೋದರೆ ಇನೊಸಿನ್, ಹೈಪೊಕ್ಸಾಂಥಿನ್, ಕ್ಸಾಂಥಿನ್ ಆಗಿ ಕೊನೆಗೆ ಯೂರಿಕ್ ಆಮ್ಲವಾಗುತ್ತದೆ. ಬಹಳ ಪ್ರಾಣಿಗಳಲ್ಲಿ ಅದನ್ನೂ ಒಡೆಯುವ ಕಿಣ್ವವಿದೆ, ಮನುಷ್ಯರಲ್ಲಿ ಇಲ್ಲ. ರಕ್ತದಲ್ಲಿ ಡೆಸಿಲೀಟರಿಗೆ 6.8 ಮಿಲಿಗ್ರಾಂ ದಾಟಿದರೆ ಅದು ಹರಳುಗಟ್ಟತೊಡಗುತ್ತದೆ. ಮೈಯ ಬೇರೆ ಭಾಗಕ್ಕಿಂತ ಕಾಲ್ಬೆರಳು ತಣ್ಣಗಿರುವುದರಿಂದ ಅಲ್ಲೇ ಮೊದಲು. ಮಾಂಸದಿಂದ, ಅದರಲ್ಲೂ ಈಲಿಯಂಥ ಭಾಗಗಳಿಂದ ಪ್ಯೂರಿನ್ ನೇರವಾಗಿ ಬರುತ್ತದೆ. ಸಕ್ಕರೆಯ ದಾರಿ ಬೇರೆ. ಕಬ್ಬಿನ ಸಕ್ಕರೆಯ ಅರ್ಧ ಫ್ರಕ್ಟೋಸ್. ಯಕೃತ್ತು ಅದನ್ನು ಹಿಡಿಯಲು ಎಟಿಪಿ ಖರ್ಚು ಮಾಡುತ್ತದೆ, ಆ ಖರ್ಚಿಗೆ ಕಡಿವಾಣವಿಲ್ಲ. ಒಂದೇ ಸಲ ದೊಡ್ಡ ಲೋಟ ಕುಡಿದರೆ ಎಟಿಪಿ ಗಬಗಬನೆ ಎಎಂಪಿಯಾಗಿ, ಫಾಸ್ಫೇಟ್ ಕೂಡ ಸಿಕ್ಕಿಬಿದ್ದು, ಮತ್ತೆ ಮೇಲೇರಲಾರದೆ ಯೂರಿಕ್ ಆಮ್ಲದ ಕಡೆಗೆ ಹರಿದುಹೋಗುತ್ತದೆ. ಬೆಲ್ಲಕ್ಕೂ ಜೋನಿಬೆಲ್ಲಕ್ಕೂ ಇದೇ ಮಾತು. ಮದ್ಯ ಇದ್ದರೆ ಅದೂ ಬೇಡ. ಬೇಳೆ, ಹುರುಳಿ ಬಸ್ಸಾರು ಬಿಡಬೇಕಿಲ್ಲ, ಕಾಳುಗಳ ಪ್ಯೂರಿನ್‌ನಿಂದ ಅಷ್ಟು ತೊಂದರೆ ಕಂಡಿಲ್ಲ.

ವೈದ್ಯರು ಅಲೋಪ್ಯೂರಿನಾಲ್ ಬರೆದರೆ ಹೆದರದೆ ತೆಗೆದುಕೊಳ್ಳಲಿ, ಕ್ಸಾಂಥಿನ್ ಯೂರಿಕ್ ಆಮ್ಲವಾಗುವ ಕೊನೆಯ ಮೆಟ್ಟಿಲನ್ನು ಅದು ತಡೆಯುತ್ತದೆ. ಆದರೆ ಮೈಮೇಲೆ ದದ್ದೆದ್ದರೆ ಅವತ್ತೇ ನಿಲ್ಲಿಸಿ ವೈದ್ಯರ ಬಳಿ ಓಡಬೇಕು.

ಪ್ರಶ್ನೆ: ಜಿಮ್‌ನಲ್ಲಿ ಎಟಿಪಿ ಮಾತ್ರೆ ತಗೋ, ಶಕ್ತಿ ಬರುತ್ತೆ ಅಂತಾರೆ. ತಗೋಬಹುದಾ? — ಯುವಕ, ಮೈಸೂರು

ಉತ್ತರ: ಬೇಡ. ನುಂಗಿದ ಎಟಿಪಿ ಕರುಳಿನಲ್ಲೂ ಯಕೃತ್ತಿನಲ್ಲೂ ಒಡೆದುಹೋಗುತ್ತದೆ. ಉಳಿಯುವುದು ಮೇಲೆ ಪಾಂಡವಪುರದವರಿಗೆ ಹೇಳಿದ ಯೂರಿಕ್ ಆಮ್ಲ. ನಿಮ್ಮ ಮೈ ದಿನಕ್ಕೆ ಹತ್ತಾರು ಕೆಜಿ ಎಟಿಪಿ ತಾನೇ ಮಾಡಿಕೊಳ್ಳುವಾಗ ಚಿಟಿಕೆ ಪುಡಿಗೆ ದುಡ್ಡು ಕೊಡಬೇಡಿ. ಆ ದುಡ್ಡಿಗೆ ಮೊಟ್ಟೆ ತಿನ್ನಿ.

ಪ್ರಶ್ನೆ: ಬಿ.ಎಸ್ಸಿ. ಪ್ರಾಯೋಗಿಕ ತರಗತಿಯಲ್ಲಿ ‘ಫಿಸ್ಕೆ–ಸುಬ್ಬರಾವ್ ವಿಧಾನ’ದಿಂದ ಫಾಸ್ಫೇಟ್ ಅಳೆಯುತ್ತಿದ್ದಾಗ ಒಬ್ಬ ಹುಡುಗಿ, ‘ಈ ಸುಬ್ಬರಾವ್ ನಮ್ಮವರಾ ಮೇಡಂ?’ ಎಂದಳು. ಹೌದು ಎಂದೆ, ಹೆಚ್ಚು ಹೇಳಲು ಬರಲಿಲ್ಲ. — ಉಪನ್ಯಾಸಕಿ, ಮಂಡ್ಯ

ಉತ್ತರ: ಈ ಪ್ರಶ್ನೆ ಕೇಳಿದ ಆ ಹುಡುಗಿಗೆ ನನ್ನ ಆಶೀರ್ವಾದ ತಿಳಿಸಿ. ಸುಬ್ಬರಾವ್ ಹುಟ್ಟಿದ್ದು 1895ರಲ್ಲಿ, ಆಂಧ್ರದ ಭೀಮವರಂನಲ್ಲಿ. ಮದ್ರಾಸಿನಲ್ಲಿ ವೈದ್ಯ ಓದುವಾಗ ಗಾಂಧೀಜಿಯ ಕರೆಗೆ ಓಗೊಟ್ಟು ಖಾದಿಯ ಗೌನು ತೊಟ್ಟದ್ದಕ್ಕೆ ಆಂಗ್ಲ ಪ್ರಾಧ್ಯಾಪಕರ ಮುನಿಸು ಕಟ್ಟಿಕೊಂಡರು. ಪೂರ್ಣ ಪದವಿಯ ಬದಲು ಕೆಳದರ್ಜೆಯ ಎಲ್‌ಎಂಎಸ್ ಸಿಕ್ಕಿತು. 1920ರ ದಶಕದ ಮೊದಲಲ್ಲೇ ಬಾಸ್ಟನ್ ಸೇರಿ, ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ಕೂಲಿ ಕೆಲಸ ಮಾಡುತ್ತಾ ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕೆ ಜತೆ ದುಡಿದರು. ಫಾಸ್ಫೇಟ್ ಇದ್ದರೆ ನೀಲಿ ಬಣ್ಣ ತೋರಿಸುವ, ನೀವು ಮಾಡಿಸುವ ಆ ವಿಧಾನ 1925ರದ್ದು. ಸ್ನಾಯುವಿನ ರಸದಲ್ಲಿ ನೀಲಿ ಬಣ್ಣ ತಡವಾಗಿ, ನಿಧಾನವಾಗಿ ಏರುತ್ತಿರುವುದನ್ನು ಅವರು ಗಮನಿಸಿದರು. ಬೇರೆಯವರಾದರೆ ತಪ್ಪಾಯಿತೆಂದು ಚೆಲ್ಲುತ್ತಿದ್ದರು. ಇವರು ಬೆನ್ನುಹತ್ತಿ 1927ರಲ್ಲಿ, ಸ್ನಾಯು ಶಕ್ತಿಯನ್ನು ಕೂಡಿಡುವ ಫಾಸ್ಫೋಕ್ರಿಯಾಟಿನ್ ಕಂಡುಹಿಡಿದರು. 1929ರಲ್ಲಿ ಎಟಿಪಿಯನ್ನೂ ಬೇರ್ಪಡಿಸಿದರು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕೂಡ ಬೇರೆಯಾಗಿ ಅದನ್ನೇ ಕಂಡಿದ್ದರು. ನಮ್ಮ ಎಷ್ಟೋ ಪುಸ್ತಕಗಳು ಲೋಮನ್ ಹೆಸರಿಗೇ ನಿಲ್ಲುವುದು ನನಗೆ ಇಂದಿಗೂ ಸಂಕಟ.

ಹಾರ್ವರ್ಡಿನಲ್ಲಿ ಕಾಯಂ ಕೆಲಸ ಸಿಗಲಿಲ್ಲ. 1940ರಲ್ಲಿ ಲೆಡರ್ಲೆ ಪ್ರಯೋಗಾಲಯ ಸೇರಿದರು. ಬಸುರಿಯರಿಗೆ ಕೊಡುವ ಫೋಲಿಕ್ ಆಮ್ಲವನ್ನು ತಯಾರಿಸಿದ್ದು, ಆನೆಕಾಲು ರೋಗಕ್ಕೆ ಮನೆಮನೆಗೆ ಹಂಚುವ ಡಿಇಸಿ ಮಾತ್ರೆ ಹುಟ್ಟಿದ್ದು ಅಲ್ಲಿ, ಅವರ ತಂಡದಿಂದ. 1948ರಲ್ಲಿ ತೀರಿಕೊಂಡರು.

ಮುಂದಿನ ಬ್ಯಾಚಿಗೆ ಒಂದು ಪ್ರಯೋಗ ಹೆಚ್ಚಿಗೆ ಮಾಡಿಸಿ. ಎರಡು ಪ್ರನಾಳಗಳಲ್ಲಿ ಒಂದೇ ಅಳತೆಯ ಎಟಿಪಿ ದ್ರಾವಣ ಹಾಕಿ. ಒಂದನ್ನು ಹಾಗೇ ಇಡಿ. ಇನ್ನೊಂದಕ್ಕೆ 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಕುದಿಯುವ ನೀರಿನಲ್ಲಿ 7 ನಿಮಿಷ ಇಡಿ. ತಣ್ಣಗಾದ ಮೇಲೆ ಎರಡಕ್ಕೂ ಮಾಲಿಬ್ಡೇಟ್, ಆಮೇಲೆ ನೀಲಿ ಬಣ್ಣ ಬರಿಸುವ ಎಎನ್‌ಎಸ್‌ಎ. ಮೊದಲನೆಯದು ಹೆಚ್ಚುಕಡಿಮೆ ಬಣ್ಣವಿಲ್ಲದೆ ನಿಂತರೆ, ಎರಡನೆಯದರಲ್ಲಿ ನೀಲಿ ತಳದಿಂದ ಮೇಲಕ್ಕೆ ಹೊಗೆಯಂತೆ ಹರಡಿ ಗಾಢವಾಗುತ್ತದೆ. 660 ನ್ಯಾನೊಮೀಟರಿನಲ್ಲಿ ಅಳೆದರೆ ಲೆಕ್ಕ ಎರಡು ಫಾಸ್ಫೇಟಿಗೆ ಬರುತ್ತದೆ, ಸಕ್ಕರೆಗೆ ಅಂಟಿದ ಮೂರನೆಯದು ಅಷ್ಟಕ್ಕೆ ಬಿಟ್ಟುಕೊಡುವುದಿಲ್ಲ. ಆ ಹುಡುಗಿಯ ಕೈಯಲ್ಲೇ ಪ್ರನಾಳ ಹಿಡಿಸಿ ಕಿಟಕಿಯ ಬೆಳಕಿಗೆ ನೋಡಲು ಹೇಳಿ, ಬೋರ್ಡಿನ ಮೇಲೆ ಹೆಸರನ್ನು ಪೂರ್ತಿಯಾಗಿ ಬರೆಯಿರಿ: ಯಲ್ಲಾಪ್ರಗಡ ಸುಬ್ಬರಾವ್.